ಬ್ಯಾಗು ಕೊಳ್ಳುವ ಮೊದಲು ಬೈಕಿನ ಬಲಗಡೆ ನೋಡಿ

ಸ್ಯಾಡಲ್ ಬ್ಯಾಗ್ ಕೊಳ್ಳಲು ಹೋದವರು ಮೊದಲು ಕೇಳುವುದು ಎಷ್ಟು ಲೀಟರ್ ಹಿಡಿಯುತ್ತದೆ ಎಂದು. ಆಮೇಲೆ ವಾಟರ್‌ಪ್ರೂಫ್ ಹೌದೋ ಅಲ್ಲವೋ, ಕೊನೆಗೆ ಬೆಲೆ. ವರ್ಷಗಟ್ಟಲೆ ಇಂಥ ಬಟ್ಟೆಯ ಬ್ಯಾಗುಗಳನ್ನು ಕಟ್ಟಿಕೊಂಡು ಘಟ್ಟ ಹತ್ತಿ ಇಳಿದ ಮೇಲೆ, ಈ ಮೂರೂ ಪ್ರಶ್ನೆಗಳು ಆಮೇಲಿನವು ಎಂಬುದು ನನಗೆ ಖಾತ್ರಿಯಾಗಿದೆ. ಮೊದಲು ನೋಡಬೇಕಾದ್ದು ಬೈಕನ್ನು. ಸೀಟಿನ ಕೆಳಗೆ ಪಟ್ಟಿ ಹಾಯಲು ಜಾಗ ಇದೆಯೇ, ಸೈಲೆನ್ಸರ್ ಎಷ್ಟು ಎತ್ತರದಲ್ಲಿದೆ, ಹಿಂದಿನ ಇಂಡಿಕೇಟರ್ ಎಲ್ಲಿ ಕೂತಿದೆ, ಬ್ಯಾಗಿಗೂ ಚಕ್ರಕ್ಕೂ ನಡುವೆ ಏನಿದೆ ಎಂಬುದೆಲ್ಲ ಗೊತ್ತಾದರೆ ಅಂಗಡಿಯಲ್ಲಿರುವ ಅರ್ಧಕ್ಕರ್ಧ ಬ್ಯಾಗುಗಳು ತಾವಾಗಿಯೇ ಪಟ್ಟಿಯಿಂದ ಹೊರಗೆ ಬೀಳುತ್ತವೆ.

ನಮ್ಮ ದೇಶದ ಬೈಕುಗಳಲ್ಲಿ ಎಡಗಡೆಯ ಕೆಲಸ ಸುಲಭ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ, ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂಬದಿ ಚಕ್ರದ ಅರ್ಧ ಭಾಗವನ್ನಾದರೂ ಮುಚ್ಚುವ ರಕ್ಷಣೆ ಇರಲೇಬೇಕು. ಎಲ್ಲರೂ ಸೀರೆ ಗಾರ್ಡ್ ಎಂದು ಕರೆಯುವುದು ಅದನ್ನೇ. ಅದು ಬ್ಯಾಗಿಗೂ ಒಳ್ಳೆಯ ಆನಿಕೆ. ಬ್ಯಾಗು ಎಷ್ಟೇ ಒಳಕ್ಕೆ ಒತ್ತಿದರೂ ಕಡ್ಡಿಗಳಿಗೆ, ಚೈನಿಗೆ ತಾಗುವುದಿಲ್ಲ. ನೋಟಕ್ಕೆ ಚೆನ್ನಾಗಿಲ್ಲ ಎಂದು ಅದನ್ನು ಬಿಚ್ಚಿಸುವವರು ಎಷ್ಟೋ ಮಂದಿ. ಲಾಂಗ್ ರೈಡಿಗೆ ಬ್ಯಾಗು ಹಾಕುವವರಂತೂ ಅದನ್ನು ಮುಟ್ಟಲೇಬಾರದು.

ಬಲಗಡೆ ಕಷ್ಟ. ಅಲ್ಲಿ ಸಾಮಾನ್ಯವಾಗಿ ಗಾರ್ಡ್ ಇಲ್ಲ, ಸೈಲೆನ್ಸರ್ ಇದೆ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರಲ್ಲಿ ಸೈಲೆನ್ಸರ್ ನೆಲಕ್ಕೆ ಹತ್ತಿರವಾಗಿ ಉದ್ದಕ್ಕೆ ಹೋಗಿದೆ, ಹಾಗಾಗಿ ಬ್ಯಾಗಿಗೆ ಮೇಲೆ ಸಾಕಷ್ಟು ಜಾಗ ಸಿಗುತ್ತದೆ. ಹೀರೋ ಎಕ್ಸ್‌ಪಲ್ಸ್ 200ರಂಥ, ಹಳ್ಳಕೊಳ್ಳ ದಾಟಲೆಂದೇ ಮಾಡಿದ ಬೈಕಿನಲ್ಲಿ ಅದು ಸೀಟಿನ ಪಕ್ಕಕ್ಕೇ ಏರಿ ಕೂತಿರುತ್ತದೆ. ಇಂಟರ್‌ಸೆಪ್ಟರ್ 650ರಲ್ಲಿ ಎರಡೂ ಬದಿ ಸೈಲೆನ್ಸರ್. ಬ್ಯಾಗಿನ ಬಟ್ಟೆಯಲ್ಲಿ ಬಳಸುವ ನೈಲಾನಿನ ಒಂದು ಸಾಮಾನ್ಯ ಬಗೆ ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಪಿವಿಸಿ ಲೇಪನವಿದ್ದರೆ ಅದಕ್ಕಿಂತ ಎಷ್ಟೋ ಮೊದಲೇ ಮೆತ್ತಗಾಗಿ ಲೋಹಕ್ಕೆ ಅಂಟಿಕೊಳ್ಳುತ್ತದೆ. ಘಟ್ಟದಲ್ಲಿ ಎರಡನೇ ಗೇರಿನಲ್ಲಿ ಲಾರಿಯ ಹಿಂದೆ ತೆವಳುವಾಗ ಗಾಳಿಯ ಓಡಾಟ ಕಡಿಮೆ, ಸೈಲೆನ್ಸರಿನ ಬಿಸಿ ಹೆಚ್ಚು. ಸಮಸ್ಯೆ ಬರುವುದು ಇಂಥ ಹೊತ್ತಿನಲ್ಲೇ.

ಅಂಗಡಿಯಲ್ಲಿ ಖಾಲಿ ಬ್ಯಾಗು ಹಾಕಿ ನೋಡಿದಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ತುಂಬಿದ ಬ್ಯಾಗು ಕೆಳಕ್ಕೆ ಜೋಲುತ್ತದೆ, ಹೊಟ್ಟೆ ಉಬ್ಬುತ್ತದೆ, ತಿರುವಿನಲ್ಲಿ ಆಚೀಚೆ ಸರಿಯುತ್ತದೆ. ಅದಕ್ಕೇ ಎರಡೂ ಬದಿಗೆ ಬಟ್ಟೆ, ನೀರಿನ ಬಾಟಲಿ ತುಂಬಿ, ಒಬ್ಬರನ್ನು ಹಿಂದೆ ಕೂರಿಸಿ, ಆಮೇಲೆ ಬಗ್ಗಿ ನೋಡಬೇಕು. ಬ್ಯಾಗಿನ ತಳಕ್ಕೂ ಸೈಲೆನ್ಸರಿಗೂ ನಡುವೆ ನಾಲ್ಕು ಬೆರಳು ಸಲೀಸಾಗಿ ಹೋಗದಿದ್ದರೆ ನಾನು ಆ ಬ್ಯಾಗನ್ನು ಒಪ್ಪುವುದಿಲ್ಲ. ಹಿಂದೆ ಕೂತವರ ಹಿಮ್ಮಡಿ ಬ್ಯಾಗಿಗೆ ತಾಗುತ್ತಿದೆಯೇ ಎಂಬುದೂ ಆಗಲೇ ಗೊತ್ತಾಗುತ್ತದೆ.

ಈ ತೊಂದರೆಗೆ ಹೆಚ್ಚಿನವರು ಕಂಡುಕೊಂಡ ದಾರಿ ಸ್ಯಾಡಲ್ ಸ್ಟೇ, ಅಂದರೆ ಬಗ್ಗಿಸಿದ ಕಬ್ಬಿಣದ ಪೈಪಿನ ಚೌಕಟ್ಟು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ರೆಡಿಮೇಡ್ ಸಿಗುತ್ತದೆ, ಊರಿನ ವೆಲ್ಡಿಂಗ್ ಶಾಪಿನವರೂ ಮಾಡಿಕೊಡುತ್ತಾರೆ. ಹಳ್ಳಿಯಿಂದ ಡೈರಿಗೆ ಹಾಲು ತರುವವರ ಬೈಕನ್ನು ನಿಂತು ನೋಡಿದರೆ ಇದರ ಲೆಕ್ಕಾಚಾರ ಅರ್ಥವಾಗುತ್ತದೆ. ಕ್ಯಾನುಗಳನ್ನು ಅವರು ತಗ್ಗಿನಲ್ಲಿ ತೂಗುಹಾಕುತ್ತಾರೆ, ಭಾರ ಚಾಸಿಗೆ ಬಿಗಿದ ಕಬ್ಬಿಣದ ಮೇಲೆ ಬೀಳುತ್ತದೆ, ಅಲುಗಾಡದಂತೆ ಹಳೇ ಟ್ಯೂಬಿನ ಪಟ್ಟಿಯಿಂದ ಬಿಗಿದಿರುತ್ತಾರೆ. ಸ್ಟೇ ಕೂರಿಸಿದ ಮೇಲೆ ಹಿಂದಿನ ಶಾಕ್ ಅಬ್ಸಾರ್ಬರ್ ಪೂರ್ತಿ ಕುಗ್ಗಿದಾಗಲೂ ಪೈಪಿಗೆ ತಾಗದಂತಿರಬೇಕು. ಬೋಲ್ಟು ಉದ್ದ ಸಾಲದೆ ಎರಡು ಸುತ್ತಿಗೆ ನಟ್ಟು ನಿಲ್ಲಿಸಿದ ಕೆಲಸವನ್ನು ಯಾರೂ ಒಪ್ಪಬಾರದು.

ಇನ್ನು ಬಟ್ಟೆ. ಬ್ಯಾಗಿನ ಮೇಲೆ 600ಡಿ, 1000ಡಿ ಎಂದು ಬರೆದಿರುವುದು ಡೆನಿಯರ್, ಅಂದರೆ 9000 ಮೀಟರ್ ನೂಲಿನ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ. ಸಂಖ್ಯೆ ದೊಡ್ಡದಾದಷ್ಟೂ ನೂಲು ದಪ್ಪ, ಬಟ್ಟೆ ಗಟ್ಟಿ. ಆದರೆ ನಾನು ನೋಡಿದ ಬ್ಯಾಗುಗಳಲ್ಲಿ ಹರಿದದ್ದು ಬಟ್ಟೆಯಲ್ಲ, ಪಟ್ಟಿ ಸೇರುವ ಜಾಗದ ಹೊಲಿಗೆ. ಕೊಳ್ಳುವಾಗ ಒಳಗಿನಿಂದ ಬೆರಳಾಡಿಸಿ ನೋಡಬೇಕಾದ್ದು ಅಲ್ಲಿ. ಪಟ್ಟಿಯ ಬುಡ ಒಂದೇ ಸಾಲಿನ ಹೊಲಿಗೆಯ ಮೇಲೆ ನಿಂತಿದ್ದರೆ ಎಷ್ಟು ಡೆನಿಯರ್ ಇದ್ದರೂ ಪ್ರಯೋಜನವಿಲ್ಲ.

ಮಳೆಯ ಬಗ್ಗೆ ನಮ್ಮ ಮಲೆನಾಡಿನ ಸವಾರರಿಗೆ ಹೇಳಿಕೊಡಬೇಕಾಗಿಲ್ಲ. ಜುಲೈನಲ್ಲಿ ಆಗುಂಬೆ ಇಳಿಯುವಾಗ ನೀರು ಮೇಲಿನಿಂದಷ್ಟೇ ಬರುವುದಿಲ್ಲ, ಚಕ್ರ ಎರಚುವುದರಿಂದ ಕೆಳಗಿನಿಂದಲೂ ಬರುತ್ತದೆ. ಬ್ಯಾಗಿನ ಜೊತೆ ಕೊಡುವ ರೇನ್ ಕವರ್ ಗಾಳಿಗೆ ಉಬ್ಬುತ್ತದೆ, ಅದರ ತಳದಲ್ಲಿ ನೀರು ನಿಲ್ಲುತ್ತದೆ, ಬ್ಯಾಗು ಆ ನೀರಿನಲ್ಲೇ ಕೂತಿರುತ್ತದೆ. ಬಟ್ಟೆಬರೆಯನ್ನು ಬಾಯಿ ಸುತ್ತಿ ಮುಚ್ಚುವ ಡ್ರೈ ಬ್ಯಾಗಿನಲ್ಲೋ ಒಂದು ದಪ್ಪ ಪ್ಲಾಸ್ಟಿಕ್ ಚೀಲದಲ್ಲೋ ಹಾಕಿ ಒಳಗಿಟ್ಟರೆ ಹೊರಗಿನದು ನೆನೆದರೂ ಚಿಂತೆಯಿಲ್ಲ. ಇನ್ನೊಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ನೈಲಾನ್ ಪಟ್ಟಿ ನೀರು ಹೀರಿಕೊಂಡು ಕೊಂಚ ಉದ್ದವಾಗುತ್ತದೆ, ಪಾಲಿಯೆಸ್ಟರ್ ಅಷ್ಟಾಗಿ ಬದಲಾಗುವುದಿಲ್ಲ. ಬೆಳಿಗ್ಗೆ ಬಿಗಿಯಾಗಿ ಕಟ್ಟಿದ ಬ್ಯಾಗು ಘಟ್ಟದ ಮಳೆಯಲ್ಲಿ ಸಡಿಲವಾಗುವುದಕ್ಕೆ ಇದೂ ಒಂದು ಕಾರಣ.

ಕಟ್ಟುವ ಕೆಲಸಕ್ಕೆ ಅವಸರ ಸಲ್ಲದು. ಮೊದಲು ಸೈಡ್ ಪ್ಯಾನೆಲನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಬ್ಯಾಗಿನ ಹಿಂದೆ ಸಿಕ್ಕಿಕೊಂಡ ಧೂಳು ಸಾಗಿದಷ್ಟೂ ದೂರ ಬಣ್ಣವನ್ನು ತೇಯುತ್ತಲೇ ಇರುತ್ತದೆ. ಬ್ಯಾಗು ತಾಗುವ ಜಾಗಕ್ಕೆ ಪಾರದರ್ಶಕ ಫಿಲ್ಮ್ ಅಂಟಿಸಿದರೆ ಇನ್ನೂ ಒಳ್ಳೆಯದು. ಸೀಟು ಬಿಚ್ಚಿ, ಎರಡು ಬ್ಯಾಗುಗಳನ್ನು ಜೋಡಿಸುವ ಅಗಲ ಪಟ್ಟಿಯನ್ನು ಸೀಟಿನ ಕೆಳಗಿನಿಂದ ಹಾಯಿಸಿ, ವೈರುಗಳ ಮೇಲೆ ಒತ್ತು ಬೀಳದಂತೆ ನೋಡಿಕೊಂಡು ಸೀಟು ಕೂರಿಸಬೇಕು. ಆಮೇಲೆ ಮುಂದಿನ ಪಟ್ಟಿಯನ್ನು ಹಿಂಬದಿ ಫುಟ್‌ರೆಸ್ಟಿನ ಬ್ರಾಕೆಟಿಗೆ, ಹಿಂದಿನದನ್ನು ಗ್ರ್ಯಾಬ್ ರೈಲಿಗೆ ಎಳೆದು ಕಟ್ಟಿದರೆ ಬ್ಯಾಗು ಹಿಂದಕ್ಕೂ ಮುಂದಕ್ಕೂ ಓಡುವುದಿಲ್ಲ. ಉಳಿದ ಪಟ್ಟಿಯ ತುದಿಗಳನ್ನು ಸುರುಳಿ ಸುತ್ತಿ ಟೇಪ್ ಹಾಕಲೇಬೇಕು. ಗಾಳಿಗೆ ಪಟಪಟ ಹೊಡೆದುಕೊಳ್ಳುವ ಒಂದೇ ಒಂದು ತುದಿ ಚೈನಿಗೆ ಸಿಕ್ಕಿದರೆ ಹಿಂದಿನ ಚಕ್ರ ಲಾಕ್ ಆಗಬಹುದು. ಕೊಕ್ಕೆಯ ಬಂಗಿ ಹಗ್ಗವೊಂದನ್ನೇ ನಂಬುವುದೂ ಸರಿಯಲ್ಲ. ಅದು ಹಿಗ್ಗುತ್ತದೆ. ಎಳೆದು ಹಾಕುವಾಗ ಕೊಕ್ಕೆ ಜಾರಿ ಕಣ್ಣಿಗೆ ಬಡಿಯುವ ಅಪಾಯ ಬೇರೆ.

ತುಂಬುವಾಗ ಟೂಲ್ ಕಿಟ್, ಎಣ್ಣೆ ಡಬ್ಬಿಯಂಥ ಭಾರದ ಸಾಮಾನು ತಳಕ್ಕೆ, ಸವಾರನ ಕಡೆಗೆ. ಹಗುರವಾದದ್ದು ಮೇಲಕ್ಕೆ. ಹಿಂದೆ ಘಟ್ಟ ಇಳಿದು ಉಪ್ಪು ಹೊತ್ತು ತರುತ್ತಿದ್ದ ಹೇರೆತ್ತಿನ ಹಸುಬೆಯ ಹಾಗೆ ಎರಡೂ ಬದಿ ಸಮತೂಕ ಇರಬೇಕು. ಕೈಯಲ್ಲಿ ಎತ್ತಿ ನೋಡಿದರೆ ವ್ಯತ್ಯಾಸ ಗೊತ್ತಾಗದಿದ್ದರೂ ಸಾಮಾನು ತೂಗುವ ಪುಟ್ಟ ಸ್ಪ್ರಿಂಗ್ ತಕ್ಕಡಿ ಸುಳ್ಳು ಹೇಳುವುದಿಲ್ಲ. ಭಾರ ಹಿಂದೆ ಬಿದ್ದಾಗ ಮುಂದಿನ ಚಕ್ರ ಹಗುರವಾಗುತ್ತದೆ, ಹೆಡ್‌ಲೈಟು ಮೇಲಕ್ಕೆ ಎದ್ದು ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ. 2021ರ ನಂತರದ ಕ್ಲಾಸಿಕ್ 350ರಲ್ಲಿ ಹಿಂದಿನ ಸಸ್ಪೆನ್ಷನ್ನಿನ ಬಿಗಿತ ಹೊಂದಿಸಲು ಆರು ಹಂತಗಳಿವೆ. ಬೈಕಿನ ಜೊತೆ ಬಂದ ಸ್ಪ್ಯಾನರಿನಲ್ಲಿ ಒಂದೆರಡು ಹಂತ ಏರಿಸಿ, ಟೈರಿಗೆ ಇಬ್ಬರ ಸವಾರಿಗೆ ಹೇಳಿದಷ್ಟು ಗಾಳಿ ಹಾಕಿಸಿದರೆ ಬೈಕು ಮತ್ತೆ ಹದಕ್ಕೆ ಬರುತ್ತದೆ. ಹೆಡ್‌ಲೈಟಿನ ಎತ್ತರವನ್ನು ಹೊರಡುವ ಹಿಂದಿನ ರಾತ್ರಿಯೇ ಗೋಡೆಯ ಮೇಲೆ ಬೆಳಕು ಬಿಟ್ಟು ನೋಡಬೇಕು.

ಹೊರಟ ಮೇಲೆ ಮೊದಲ ಟೀ ಅಂಗಡಿಯಲ್ಲಿ ನಿಲ್ಲಿಸಿದಾಗ ಪ್ರತಿ ಬಕಲನ್ನೂ ಒಮ್ಮೆ ಎಳೆದು ಬಿಗಿ ಮಾಡಿ, ಸೈಲೆನ್ಸರಿನ ಕಡೆಯ ಬ್ಯಾಗಿನ ತಳ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಬಿಸಿಯಿದ್ದರೆ ಅಲ್ಲೇ ಪಟ್ಟಿ ಮೇಲೆತ್ತಿ ಕಟ್ಟಬೇಕು. ಬಟ್ಟೆಯ ಬ್ಯಾಗಿಗೆ ಬೀಗ ಹಾಕಿ ಉಪಯೋಗವಿಲ್ಲ, ಬ್ಲೇಡಿದ್ದರೆ ಸಾಕು. ದುಡ್ಡು, ಆರ್‌ಸಿ, ಲೈಸೆನ್ಸು, ಔಷಧಿ ಇವು ಸವಾರನ ಮೈಮೇಲೆಯೇ ಇರಲಿ. ರಾತ್ರಿ ಲಾಡ್ಜಿಗೆ ಬ್ಯಾಗನ್ನು ಬಿಚ್ಚಿ ಒಯ್ಯುವವರು ಸೀಟಿನ ಕೆಳಗಿನ ಪಟ್ಟಿಯನ್ನು ಹಾಗೇ ಬಿಟ್ಟು, ಪಕ್ಕದ ಬಕಲುಗಳಲ್ಲಿ ಕಳಚಿಕೊಳ್ಳುವ ಬ್ಯಾಗನ್ನೇ ಆರಿಸುವುದು ಒಳ್ಳೆಯದು. ಮರುದಿನ ಬೆಳಗ್ಗೆ ಮಳೆಯಲ್ಲಿ ನಿಂತು ಸೀಟು ಬಿಚ್ಚುವ ಕೆಲಸ ತಪ್ಪುತ್ತದೆ.