“ನಾವು” ಎಂಬ ಮಾತಿನೊಳಗೆ ಯಾರು ಯಾರು ಇದ್ದಾರೆ?

ಪಾಠಭಾಗ: ಗಲಾತ್ಯದವರಿಗೆ 2:11–14, 6:9



ತೆಂಗಳಿಯ ಕಡೆಯ ಹಳ್ಳಿಗಳಲ್ಲಿ ಶಾಲೆಯ ಮಕ್ಕಳು ಸಾಲಾಗಿ ನಿಂತು ಹಾಡುವ ಒಂದು ಹಾಡನ್ನು ನೀವು ಕೇಳಿರಬಹುದು. ಕಷ್ಟದಲ್ಲಿರುವವರಿಗೆ ಮುಂದೆ ಜಯವುಂಟೆಂಬದು ಅದರ ಅಭಿಪ್ರಾಯ. ಹಿಂದಿಯಲ್ಲಿ ಅದನ್ನು ಗಿರಿಜಾಕುಮಾರ ಮಾಥುರರು ರಚಿಸಿದರು; ಕನ್ನಡದಲ್ಲಿಯೂ ಹಾಡುವದುಂಟು. ನಮ್ಮ ಸಭೆಗಳ ಯೌವನಸ್ಥರಿಗೂ ಅದು ಬಾಯಿಪಾಠವಾಗಿದೆ. ಆದರೆ ಅದು ಎಲ್ಲಿಂದ ಬಂತೆಂದು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ.

ಆ ಹಾಡಿಗೆ ಬೇರುಗಳು ಹಲವು. ಅವುಗಳಲ್ಲೊಂದು ಅಮೇರಿಕಾ ದೇಶದ ಒಬ್ಬ ಮೆಥಡಿಸ್ಟ್ ಸಭಾಪಾಲಕರ ಕೀರ್ತನೆಯೆಂದು ಹೇಳುತ್ತಾರೆ. ಚಾರ್ಲ್ಸ್ ಆಲ್ಬರ್ಟ್ ಟಿಂಡ್ಲಿಯವರು 1851ರಲ್ಲಿ ಮೇರಿಲ್ಯಾಂಡ್ ಪ್ರಾಂತ್ಯದಲ್ಲಿ ಹುಟ್ಟಿದರು. ತಂದೆಯು ಗುಲಾಮನು, ತಾಯಿಯು ಸ್ವತಂತ್ರಳು. ಅಕ್ಷರವನ್ನು ತಾವೇ ಕಲಿತು, ಫಿಲಡೆಲ್ಫಿಯಾ ಪಟ್ಟಣಕ್ಕೆ ಬಂದು, ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಗಾರೆ ಹೊತ್ತರು. ಒಂದು ದೇವಾಲಯದಲ್ಲಿ ಕಸಗುಡಿಸುವ ಸೇವೆಯನ್ನೂ ಮಾಡಿದರು. 1902ರಲ್ಲಿ ಅದೇ ಸಭೆಗೆ ಪಾಲಕರಾಗಿ ನೇಮಕವಾದರು! ಕಸಬರಿಗೆ ಹಿಡಿದವನು ಉಪದೇಶಪೀಠವನ್ನು ಹತ್ತಿದರೆ ನಮ್ಮಲ್ಲಿ ಎಷ್ಟು ಮಂದಿ ಎದ್ದು ನಿಂತು ಗೌರವಿಸುವರೋ, ಓದುವವರೇ ಎಣಿಸಿಕೊಳ್ಳಲಿ. ಅವರ ಆ ಕೀರ್ತನೆಯು 1901ರ ಸುಮಾರಿಗೆ ಅಚ್ಚಾಯಿತು. ಬೇಸರಗೊಳ್ಳದೆ ಒಳ್ಳೇದನ್ನು ಮಾಡುವವನಿಗೆ ಬೆಳೆಯುಂಟೆಂಬ ಗಲಾತ್ಯ 6:9ರ ಉಪದೇಶವೇ ಅದಕ್ಕೆ ಆಧಾರ. ಅದರಲ್ಲಿ ಜಯಹೊಂದುವವನು “ನಾನು”, ಅಂದರೆ ಲೋಕದೊಡನೆ ಒಂಟಿಯಾಗಿ ಹೋರಾಡುವ ಒಬ್ಬ ವಿಶ್ವಾಸಿ.

ಅನಂತರ ನಡೆದದ್ದನ್ನು ಗಮನಿಸಿರಿ. 1945ರ ಅಕ್ಟೋಬರದಲ್ಲಿ ಚಾರ್ಲ್ಸ್‌ಟನ್ ಎಂಬ ಊರಿನ ಚುಟ್ಟಾ ಕಾರ್ಖಾನೆಯ ಕೂಲಿಗಳು ಕೆಲಸ ಬಿಟ್ಟು ಹೊರಗೆ ಬಂದರು. ಅವರಲ್ಲಿ ಕರಿಯ ವರ್ಣದ ಹೆಂಗಸರು ಬಹಳ ಮಂದಿ. ನಮ್ಮ ಶಹಾಬಾದಿನ ಕಲ್ಲುಗಣಿಗಳಲ್ಲಿ ದುಡಿದವರಿಗೆ ಆ ಬಾಳು ಹೇಗಿದ್ದೀತೆಂದು ವಿವರಿಸಬೇಕಾಗಿಲ್ಲ. ಮುಷ್ಕರವು 1946ರ ವರೆಗೆ ನಡೆಯಿತು. ಚಳಿಯಲ್ಲಿ ನಿಂತಿದ್ದ ಆ ಹೆಂಗಸರು ದೇವಾಲಯದಲ್ಲಿ ಕಲಿತ ಹಾಡನ್ನೇ ಹಾಡಿದರು. ಹಾಡುತ್ತಾ “ನಾನು” ಎಂಬದನ್ನು ತೆಗೆದು “ನಾವು” ಎಂದು ಇಟ್ಟರು. ಅವರಿಂದ ಆ ಹಾಡು ಟೆನೆಸಿ ಪ್ರಾಂತ್ಯದ ಹೈಲ್ಯಾಂಡರ್ ಶಾಲೆಗೆ ಹೋಯಿತು. ಕರಿಯರೂ ಬಿಳಿಯರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವದು ಆ ಸೀಮೆಯಲ್ಲಿ ದೊಡ್ಡ ಅಪರಾಧವಾಗಿದ್ದ ಕಾಲದಲ್ಲಿ ಆ ಶಾಲೆಯವರು ಹಾಗೆಯೇ ಉಣ್ಣುತ್ತಿದ್ದರು. 1963ನೇ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಲಕ್ಷಾಂತರ ಜನರು ಕೂಡಿದಾಗ ಅದೇ ಹಾಡನ್ನು ಹಾಡಿದರು.

ಸೇಡಮ್ಮಿನ ಕಡೆಯ ನಮ್ಮ ಸಭೆಗಳಲ್ಲಿ ತೆಲುಗು ಬಲ್ಲವರು ಬಹಳ ಮಂದಿ. ಅವರು ಒಂದು ಸಂಗತಿಯನ್ನು ಬಲ್ಲರು: ಆ ಭಾಷೆಯಲ್ಲಿ “ನಾವು” ಎಂಬದಕ್ಕೆ ಎರಡು ಮಾತುಗಳುಂಟು. “ಮನಮು” ಎಂದರೆ ಕೇಳುವವನೂ ಸೇರಿದ ನಾವು. “ಮೇಮು” ಎಂದರೆ ಅವನನ್ನು ಹೊರಗಿಟ್ಟ ನಾವು. ನಮ್ಮ ಕನ್ನಡದಲ್ಲಿ ಇರುವದು ಒಂದೇ ಮಾತು. ಆದದರಿಂದ ನಾವು ಬಾಯಲ್ಲಿ “ಮನಮು” ಹಾಡಿ ಹೃದಯದಲ್ಲಿ “ಮೇಮು” ಇಟ್ಟುಕೊಂಡರೂ ಯಾರಿಗೂ ತಿಳಿಯುವದಿಲ್ಲ. (ಈ ಪುಟಗಳಲ್ಲಿ ಬರೆಯುವ ನಾವೂ ನಮ್ಮನ್ನು “ನಾವು” ಅನ್ನುತ್ತೇವೆ, ಒಳಗೆ ಇಣಿಕಿದರೆ ಒಬ್ಬನೇ ಇದ್ದಾನೆ.)

ಕನ್ನಡ ನಾಡಿನಲ್ಲಿಯೂ ಈ “ನಾವು” ಎಂಬದನ್ನು ಹಾಡಿನಲ್ಲಿ ಕಟ್ಟಿದವರುಂಟು. ಮಾಗಡಿ ಸೀಮೆಯ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿ 2021ರಲ್ಲಿ ತೀರಿಹೋದ ಕವಿ ಸಿದ್ಧಲಿಂಗಯ್ಯನವರು 1975ರಲ್ಲಿ ತಮ್ಮ ಮೊದಲ ಪುಸ್ತಕಕ್ಕೆ “ಹೊಲೆಮಾದಿಗರ ಹಾಡು” ಎಂದು ಹೆಸರಿಟ್ಟರು. ಅವರ ಹಾಡುಗಳನ್ನು ದಲಿತ ಸಂಘರ್ಷ ಸಮಿತಿಯವರು ಊರೂರಲ್ಲಿ ಹಾಡಿದರು. ಆ ಹೆಸರನ್ನು ನೋಡಿರಿ: ಎರಡು ಓಣಿಗಳು ಒಂದೇ ಮಾತಿನೊಳಗೆ, ನಡುವೆ ಗೋಡೆಯಿಲ್ಲದೆ ನಿಂತಿವೆ. ಸಭೆಯಲ್ಲಿ ಆ ಗೋಡೆ ಬಿದ್ದಿದೆಯೋ? ಮೇಲ್ಜಾತಿಯವರು ನಮಗೆ ಮಾಡಿದ ಅನ್ಯಾಯವನ್ನು ಎಣಿಸಲು ಹತ್ತು ಬೆರಳು ಸಾಲದು. ಆದರೆ ಒಂದೇ ಪಾತ್ರೆಯಿಂದ ಕರ್ತನ ಭೋಜನವನ್ನು ತಕ್ಕೊಂಡ ಬಳಿಕ ಹೆಣ್ಣು ಕೊಡುವ ಮಾತು ಬಂದಾಗ ನಾವೇ ಓಣಿ ಯಾವದೆಂದು ಕೇಳುತ್ತೇವಲ್ಲವೇ?

ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರೊಂದಿಗೆ ಊಟಮಾಡುತ್ತಿದ್ದನು. ಯೆರೂಸಲೇಮಿನಿಂದ ಕೆಲವರು ಬಂದ ಕೂಡಲೆ ಹೆದರಿ ಎದ್ದುಹೋದನು; ಬಾರ್ನಬನಂಥವನೂ ಅವನ ಹಿಂದೆ ಹೋದನು. ಪೇತ್ರನು ತನ್ನ ಉಪದೇಶವನ್ನು ಬದಲಿಸಲಿಲ್ಲವೆಂಬದನ್ನು ಗುರುತಿಸಿರಿ. ಕೂತ ಸ್ಥಳವನ್ನು ಮಾತ್ರ ಬದಲಿಸಿದನು. ಪೌಲನು ಅದನ್ನು ಚಿಕ್ಕ ತಪ್ಪೆಂದು ಎಣಿಸದೆ ಎಲ್ಲರ ಮುಂದೆ ಅವನನ್ನು ಎದುರಿಸಿದನು. ಇದನ್ನು ಬರೆಯುವಾಗ ನಮ್ಮ ಕೈ ನಡುಗುತ್ತದೆ. ಯಾಕಂದರೆ ಒಂದು ಹಳ್ಳಿಯ ಮದುವೆಯಲ್ಲಿ ನಾವೂ ನಮ್ಮ ಓಣಿಯ ಹಿರಿಯರ ಮುಖ ನೋಡಿ, ಹೊಟ್ಟೆನೋವೆಂದು ನೆವ ಹೇಳಿ, ಆಚೆ ಓಣಿಯವರ ಪಂಕ್ತಿಯಿಂದ ಎದ್ದು ಬಂದೆವು. ಆ ದಿನ ಬೆಳಿಗ್ಗೆ ಇದೇ ಅಧ್ಯಾಯವನ್ನು ಓದಿ ಪ್ರಸಂಗಿಸಿದವರು ನಾವೇ. ನಮ್ಮನ್ನು ಎದುರಿಸಲು ಅಲ್ಲಿ ಪೌಲನಿರಲಿಲ್ಲ, ಬಡಿಸುತ್ತಿದ್ದ ಒಬ್ಬ ಮುದುಕಿಯು, “ಉಪದೇಶಪ್ಪಾ, ಹೊಟ್ಟೆನೋವು ನಮ್ಮ ಓಣ್ಯಾಗ ಮಾತ್ರ ಬರ್ತದೇನು?” ಎಂದು ಕೇಳಿದಳು. ಉತ್ತರ ಕೊಡದೆ ಬಂದೆವು.

ಈಗ ನಾವು ಸೇವೆ ಮಾಡುವ ಒಂದು ಸಭೆಯಲ್ಲಿ ಈ ಓಣಿಯ ಹುಡುಗನೂ ಆ ಓಣಿಯ ಹುಡುಗಿಯೂ ಮದುವೆಯಾಗಬೇಕೆಂದು ಬಂದು ಕೇಳಿದ್ದಾರೆ. ಇಬ್ಬರೂ ಆ ಹಾಡನ್ನು ಒಂದೇ ಶಾಲೆಯಲ್ಲಿ ಕಲಿತವರು. ಎರಡೂ ಕಡೆಯ ಹಿರಿಯರು ಒಪ್ಪುತ್ತಿಲ್ಲ. ತೊಗರಿಯ ರಾಶಿ ಮುಗಿದ ಮೇಲೆ ದೇವಾಲಯದಲ್ಲಿ ಕೂಡಿ ಮಾತಾಡುವದೆಂದು ಗೊತ್ತುಮಾಡಿದ್ದೇವೆ. ಅಂದಿನ ಅಡಿಗೆಯನ್ನು ಮಾಡಲು ಆ ಮುದುಕಿಗೆ ಹೇಳಿಕಳುಹಿಸಿದ್ದೇವೆ. ಮೊದಲನೆಯ ಪಂಕ್ತಿಯಲ್ಲಿ ನಾವು ಕೂಡ್ರುವೆವು.