ಏಳು ಅಕ್ಷರ, ಹಲವು ಪದ: ಇಂಗ್ಲಿಷ್ ಪದ ಹುಡುಕುವವರಿಗೆ ಎಂಟು ಸೂತ್ರಗಳು

ಸ್ಕ್ರ್ಯಾಬಲ್ ಬೋರ್ಡಿನ ಮುಂದೆ ಕೂತಾಗಲೋ, ಪತ್ರಿಕೆಯ ಪದಬಂಧ ಬಿಡಿಸುವಾಗಲೋ ‘ನನಗೆ ಅಷ್ಟು ಇಂಗ್ಲಿಷ್ ಬರುವುದಿಲ್ಲ’ ಎಂದು ಹಿಂಜರಿಯುವವರು ಬಹಳ. ಆ ಅಳುಕು ಬೇಡ. ಕೊಟ್ಟ ಅಕ್ಷರಗಳಿಂದ ಪದ ಕಟ್ಟುವುದಕ್ಕೆ ಭಾಷಣ ಮಾಡುವಷ್ಟು ಇಂಗ್ಲಿಷ್ ಬೇಕಿಲ್ಲ, ಕ್ರಮಬದ್ಧ ಅಭ್ಯಾಸ ಇದ್ದರೆ ಸಾಕು. ಎ, ಇ, ಜಿ, ಐ, ಎನ್, ಆರ್, ಟಿ ಎಂಬ ಏಳು ಅಕ್ಷರಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಮುಂದೆ ಓದಿ.

1. ಅಕ್ಷರಗಳನ್ನು ಕದಲಿಸಿ

ಬಂದ ಸಾಲಿನಲ್ಲೇ ಅಕ್ಷರಗಳನ್ನು ದಿಟ್ಟಿಸುತ್ತ ಕೂರಬೇಡಿ. ಕಣ್ಣು ಅದೇ ಸಾಲಿಗೆ ಅಂಟಿಕೊಂಡರೆ ಹೊಸ ಪದ ಹೊಳೆಯುವುದಿಲ್ಲ. ಬಿಲ್ಲೆಗಳಿದ್ದರೆ ಸ್ಥಳ ಬದಲಿಸಿ, ಕಾಗದವಾದರೆ ವೃತ್ತಾಕಾರದಲ್ಲಿ ಬರೆಯಿರಿ. ಸ್ವರಗಳನ್ನು ಒಂದು ಕಡೆ, ವ್ಯಂಜನಗಳನ್ನು ಇನ್ನೊಂದು ಕಡೆ ಇಟ್ಟು ನೋಡಿ.

2. ಚಿಕ್ಕ ಪದ ಹಿಡಿದು ಮೇಲೇರಿ

ಮೊದಲೇ ಏಳಕ್ಷರದ ಪದಕ್ಕೆ ಕೈಹಾಕಬೇಡಿ. ಎರಡು ಅಕ್ಷರದ ‘ಆಟ್’ನಿಂದ ಶುರು ಮಾಡಿ. ಅದಕ್ಕೆ ಇ ಸೇರಿದರೆ ‘ಈಟ್’. ಆರ್ ಸೇರಿಸಿ ಕದಲಿಸಿದರೆ ‘ರೇಟ್’. ಜಿ ಬಂದರೆ ‘ಗ್ರೇಟ್’, ಅಂದರೆ ತುರಿಯುವುದು. ಐ ಸೇರಿಸಿ ಪೂರ್ತಿ ಕದಲಿಸಿ: ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕೇಳುವ ‘ಟ್ರಿಯಾಜ್’. ಕೊನೆಗೆ ಎನ್ ಬಂತೋ, ‘ಗ್ರ್ಯಾನೈಟ್’ ಸಿದ್ಧ. ಪ್ರತಿ ಹೆಜ್ಜೆಗೆ ಸೇರಿದ್ದು ಒಂದೇ ಅಕ್ಷರ. ಬ್ರಿಟನ್ನಿನ ಚಾನೆಲ್ 4ರಲ್ಲಿ 1982ರಿಂದ ಬರುತ್ತಿರುವ ‘ಕೌಂಟ್‌ಡೌನ್’ ಕಾರ್ಯಕ್ರಮದಲ್ಲಿ ಒಂಬತ್ತು ಅಕ್ಷರಕ್ಕೆ ಸಿಗುವುದು 30 ಸೆಕೆಂಡ್ ಮಾತ್ರ. ಅಂಥ ಅವಸರದಲ್ಲಿ ಕೈಯಲ್ಲೊಂದು ಚಿಕ್ಕ ಪದ ಇದ್ದರೆ ಬರಿಗೈ ಆಗುವ ಭಯವಿರುವುದಿಲ್ಲ.

3. ಬಾಲ ಮತ್ತು ತಲೆಯನ್ನು ಬೇರೆ ಮಾಡಿ

ಇಂಗ್ಲಿಷ್ ಪದಗಳ ಕೊನೆಯಲ್ಲಿ ಐಎನ್‌ಜಿ, ಇಡಿ, ಇಆರ್, ಟಿಐಒಎನ್ ಪದೇ ಪದೇ ಬರುತ್ತವೆ. ನಮ್ಮ ಚೀಟಿಯಿಂದ ಐಎನ್‌ಜಿ ಪಕ್ಕಕ್ಕಿಡಿ. ಉಳಿದದ್ದು ಟಿ, ಇ, ಎ, ಆರ್. ಅದು ‘ಟೇರ್’, ಬಾಲ ಜೋಡಿಸಿದರೆ ‘ಟೇರಿಂಗ್’. ಈಗ ತಲೆಯ ಕಡೆ ಬನ್ನಿ. ಆರ್‌ಇ, ಯುಎನ್, ಐಎನ್, ಡಿಐಎಸ್ ಇವು ಹೆಚ್ಚು ಕಾಣುವ ಆರಂಭಗಳು. ಐಎನ್ ಮುಂದಿಟ್ಟು ನೋಡಿ, ಉಳಿದದ್ದು ಆಗಲೇ ಸಿಕ್ಕ ‘ಗ್ರೇಟ್’. ಕೂಡಿಸಿದರೆ ‘ಇನ್‌ಗ್ರೇಟ್’, ಉಪಕಾರ ಮರೆತವನು. ಒಂದೇ ಚೀಟಿಯಲ್ಲಿ ಏಳಕ್ಷರದ ಮೂರು ಪದ!

4. ಜೋಡಿ ಅಕ್ಷರಗಳನ್ನು ಬಿಡಿಸಬೇಡಿ

ಸಿಎಚ್, ಎಸ್‌ಎಚ್, ಟಿಎಚ್, ಪಿಎಚ್ ಜೋಡಿಗಳನ್ನು ಒಂದೇ ಅಕ್ಷರವೆಂದು ಭಾವಿಸಿ. ಸಿಕೆ ಪದದ ಮಧ್ಯದಲ್ಲಿ, ಕೊನೆಯಲ್ಲಿ ಬರುತ್ತದೆಯೇ ಹೊರತು ಮೊದಲಲ್ಲಿ ಬರುವುದಿಲ್ಲ. ಇಂಥ ಒಂದು ನಿಯಮ ಹತ್ತಾರು ವ್ಯರ್ಥ ಪ್ರಯತ್ನಗಳನ್ನು ಉಳಿಸುತ್ತದೆ.

5. ಎರಡಕ್ಷರದ ಪದಗಳನ್ನು ಬಾಯಿಪಾಠ ಮಾಡಿ

ಅಂತರರಾಷ್ಟ್ರೀಯ ಸ್ಕ್ರ್ಯಾಬಲ್‌ನಲ್ಲಿ ಬಳಸುವ ಕಾಲಿನ್ಸ್ ಪಟ್ಟಿಯಲ್ಲಿ ಎರಡಕ್ಷರದ ಪದಗಳು 120ಕ್ಕೂ ಹೆಚ್ಚು. ಮಗ್ಗಿ ಕಲಿತಂತೆ ದಿನಕ್ಕೆ ಐದೈದು ಕಲಿಯಿರಿ. ಚೀನೀ ಮೂಲದ ‘ಚೀ’ಯನ್ನು ಕ್ಯೂ-ಐ ಎಂದು ಬರೆಯುತ್ತಾರೆ. ಯು ಇಲ್ಲದೆ ಕ್ಯೂ ಬಂದಾಗ ಕೈಹಿಡಿಯುವ ಪದ ಇದೇ.

6. ನಮ್ಮ ಮಾತುಗಳನ್ನು ಮರೆಯಬೇಡಿ

ದೋಸೆ, ರೋಟಿ, ಘೀ, ಧೋತಿ, ಲಾಖ್, ಕ್ರೋರ್, ಘಾಟ್ ಇವೆಲ್ಲ ಇಂಗ್ಲಿಷ್ ನಿಘಂಟು ಸೇರಿವೆ. ಡಿಎಚ್, ಜಿಎಚ್, ಕೆಎಚ್ ಬಂದಾಗ ಹೊರಗಿನವರು ತಡಕಾಡುತ್ತಾರೆ, ನಮಗೆ ಆ ಸದ್ದು ಮನೆಯದು. ಫಕೀರ್ ಪದವನ್ನು ಎಫ್-ಎ-ಕ್ಯೂ-ಐ-ಆರ್ ಎಂದೂ ಬರೆಯಬಹುದು, ಅಲ್ಲಿಯೂ ಯು ಬೇಕಿಲ್ಲ. ಇದು ನಮಗೆ ಹುಟ್ಟಿನಿಂದ ಬಂದ ಬಂಡವಾಳ, ಧಾರಾಳವಾಗಿ ಬಳಸಿ.

7. ಅಕ್ಷರದ ಬೆಲೆ ತಿಳಿಯಿರಿ

ಸ್ಕ್ರ್ಯಾಬಲ್ ರೂಪಿಸಿದ ಅಮೆರಿಕದ ವಾಸ್ತುಶಿಲ್ಪಿ ಆಲ್‌ಫ್ರೆಡ್ ಬಟ್ಸ್, ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಪತ್ರಿಕೆಗಳ ಪುಟಗಳಲ್ಲಿ ಎಣಿಸಿದರು. ಆ ಲೆಕ್ಕ ಇಂದಿಗೂ ಆಟದಲ್ಲಿದೆ. 100 ಬಿಲ್ಲೆಗಳಲ್ಲಿ ಇ 12, ಬೆಲೆ ಒಂದೇ ಅಂಕ. ಕ್ಯೂ ಒಂದೇ ಒಂದು, ಬೆಲೆ 10 ಅಂಕ. ಎಸ್ ಇರುವುದು ನಾಲ್ಕೇ, ಆದರೆ ಅದು ಅಸಂಖ್ಯ ಪದಗಳ ಕೊನೆಗೆ ಹೊಂದುತ್ತದೆ. ಹಾಗಾಗಿ ಎಸ್ ಸಿಕ್ಕರೆ ಒಂದೆರಡು ಅಂಕಕ್ಕಾಗಿ ಕಳೆಯಬೇಡಿ. ಏಳೂ ಬಿಲ್ಲೆ ಒಟ್ಟಿಗೆ ಇಳಿಸಿದರೆ 50 ಅಂಕ ಹೆಚ್ಚುವರಿ ಸಿಗುತ್ತದೆ.

8. ಅಕ್ಷರಮಾಲೆಯ ಕ್ರಮದಲ್ಲಿ ನೆನಪಿಡಿ

ಪಳಗಿದ ಆಟಗಾರರು ಏಳು ಅಕ್ಷರವನ್ನು ಮೊದಲು ಅಕ್ಷರಮಾಲೆಯ ಕ್ರಮಕ್ಕೆ ತರುತ್ತಾರೆ. ಇದಕ್ಕೆ ‘ಆಲ್ಫಾಗ್ರಾಮ್’ ಎನ್ನುತ್ತಾರೆ. ನಿಮ್ಮ ಚೀಟಿಯ ಸಾಲೂ ಅದೇ. ಆ ಸಾಲು ಕಂಡೊಡನೆ ಮೂರು ಪದಗಳೂ ಒಟ್ಟಿಗೆ ನೆನಪಾಗಬೇಕು. ಪದ ಹುಡುಕಿಕೊಡುವ ಅನೇಕ ಕಂಪ್ಯೂಟರ್ ತಂತ್ರಾಂಶಗಳೂ ಇದೇ ಉಪಾಯ ಬಳಸುತ್ತವೆ. ಆದರೆ ಅವುಗಳ ಮೊರೆ ಹೋಗುವುದು ನಿಮ್ಮ ಪ್ರಯತ್ನ ಮುಗಿದ ಮೇಲೆ ಇರಲಿ. ತಪ್ಪಿಹೋದ ಪದವನ್ನು ಆಲ್ಫಾಗ್ರಾಮ್ ಸಮೇತ ಬರೆದಿಟ್ಟುಕೊಳ್ಳಿ.

ಅಭ್ಯಾಸದ ಬಲಕ್ಕೆ ಸಾಕ್ಷಿ ಬೇಕೇ? ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ 2007ರಲ್ಲಿ ಮುಂಬಯಿಯಲ್ಲಿ ವಿಶ್ವ ಸ್ಕ್ರ್ಯಾಬಲ್ ಚಾಂಪಿಯನ್ ಆದರು. 2015ರಲ್ಲಿ, ಫ್ರೆಂಚ್ ಮಾತನಾಡಲು ಬಾರದಿದ್ದರೂ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಪ್ರಶಸ್ತಿ ಗೆದ್ದರು. ಅವರು ಕಲಿತದ್ದು ಪದಪಟ್ಟಿಯನ್ನು ಮಾತ್ರ. ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ಪ್ರತಿ ಮಗುವೂ ತಿಳಿದಿರಬೇಕಾದ ಸಂಗತಿಯಿದು.

ಇವತ್ತೇ ಶುರು ಮಾಡಿ. ಚೀಟಿಯಲ್ಲಿರುವ ಜಿ ಹೊಡೆದುಹಾಕಿ, ಆ ಜಾಗಕ್ಕೆ ಎಸ್ ತನ್ನಿ. ಏಳಕ್ಷರದ ಕನಿಷ್ಠ ಮೂರು ಪದಗಳು ಅಲ್ಲಿಯೂ ಇವೆ. ಮೊದಲು ಎಸ್ ಅನ್ನು ಕೊನೆಗಿಟ್ಟು ನೋಡಿ.