ಕುಡಿತ ಬಿಡಲು ಒಬ್ಬರೇ ಹೆಣಗಬೇಡಿ

ಕುಡಿತ ಬಿಡಲು ಮನೋಬಲವೊಂದೇ ಸಾಲದು, ಆ ದಾರಿ ನಡೆದವರ ಜೊತೆಯೂ ಬೇಕು. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಕುಡಿತಕ್ಕೆ ಸಿಕ್ಕಿಬಿದ್ದಿದ್ದ ಇಬ್ಬರ ಭೇಟಿಯಿಂದ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ) ನಿಂತಿರುವುದು ಈ ನಂಬಿಕೆಯ ಮೇಲೆಯೇ. ಇದರ ಸಭೆಗಳಲ್ಲಿ ಸದಸ್ಯರು ತಮ್ಮ ಅನುಭವ ಹಂಚಿಕೊಳ್ಳುತ್ತಾರೆ. ಬರೀ ಮಾತಿನಿಂದ ಚಟ ಬಿಡುತ್ತದೆಯೇ ಎಂದು ಕೇಳುವವರಿದ್ದಾರೆ. ಆದರೆ ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 2020ರಲ್ಲಿ 27 ಅಧ್ಯಯನಗಳನ್ನು ಪರಿಶೀಲಿಸಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ರೋಗಿಗಳನ್ನು ಎಎ ಸಭೆಗಳಿಗೆ ವ್ಯವಸ್ಥಿತವಾಗಿ ಜೋಡಿಸುವ ಚಿಕಿತ್ಸೆಯು ಅವರನ್ನು ಕುಡಿತದಿಂದ ಸತತವಾಗಿ ದೂರ ಇಡುವುದರಲ್ಲಿ ಇತರ ಪ್ರಚಲಿತ ಚಿಕಿತ್ಸೆಗಳಿಗಿಂತ ಹೆಚ್ಚು ಫಲ ಕೊಟ್ಟಿದೆ. ಕುಡಿಯುವವರ ಒಡನಾಟ ತಪ್ಪಿ, ಬಿಟ್ಟವರ ಬಳಗ ಸಿಗುವುದು ಇದಕ್ಕೊಂದು ಮುಖ್ಯ ಕಾರಣ.

ನಾಲ್ಕು ಜನಕ್ಕೆ ಗೊತ್ತಾದರೆ ಮರ್ಯಾದೆ ಹೋದೀತೆಂಬ ಅಳುಕು ಸಹಜ. ಆದರೆ ಎಎ ಸಭೆಗಳಲ್ಲಿ ಪೂರ್ತಿ ಹೆಸರು ಹೇಳಬೇಕಿಲ್ಲ, ಶುಲ್ಕವಿಲ್ಲ. ಕುಡಿತ ಬಿಡುವ ಇಚ್ಛೆಯೊಂದೇ ಅರ್ಹತೆ. ಎಎ ಕಾರ್ಯಕ್ರಮದಲ್ಲಿ ಬರುವ ದೇವರ ಪ್ರಸ್ತಾಪ ಒಗ್ಗದವರು ಅದನ್ನು ತಮಗೆ ತೋಚಿದಂತೆ ಅರ್ಥೈಸಿಕೊಳ್ಳಬಹುದು. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ. ಒಂದೇ ಸಭೆ ನೋಡಿ ಕೈಬಿಡಬೇಡಿ. ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ ಅಥವಾ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಂಡು, ಹತ್ತಿರದಲ್ಲಿ ಕನ್ನಡದ ಸಭೆ ಇದೆಯೇ ಎಂದು ವಿಚಾರಿಸಿ. ಮನೆಯವರಿಗಾಗಿ ಅಲ್-ಅನಾನ್ ಗುಂಪುಗಳಿವೆ. ಒಂದು ಎಚ್ಚರಿಕೆ: ದಿನವೂ ವಿಪರೀತ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ಅಂಥವರು ಮೊದಲು ವೈದ್ಯರನ್ನು ಕಾಣಲೇಬೇಕು. ಸಭೆಯು ಚಿಕಿತ್ಸೆಗೆ ಬದಲಿಯಲ್ಲ, ಬೆಂಬಲ. ಎರಡನ್ನೂ ಪಡೆಯಿರಿ, ಈ ವಾರವೇ ವಿಚಾರಿಸಿ.